ಗಡ್ಡೆ ಒಂದು ಕಡೆ, ಪೆಟ್ಟು ಇನ್ನೊಂದು ಕಡೆ

1982ರಲ್ಲಿ ಕೆನಡಾ ದೇಶದ ವಿನ್ನಿಪೆಗ್ ಪಟ್ಟಣದ ಡಾ. ಇಯಾನ್ ಕಾರ್ ಎಂಬ ರೋಗಶಾಸ್ತ್ರಜ್ಞರು 'ಲ್ಯಾನ್ಸೆಟ್' ಎಂಬ ಹೆಸರಾಂತ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಚಿಕ್ಕ ಲೇಖನ ಬರೆದರು. ಅದರಲ್ಲಿ ಬರುವ ರೋಗಿ ಪರಕೀಯಳಲ್ಲ, ಅವರ ಹದಿನೈದು ವರ್ಷದ ಸ್ವಂತ ಮಗಳು. ಚೆನ್ನಾಗಿದ್ದ ಹುಡುಗಿ ಮಂಕಾದಳು, ನೆನಪು ಕಳೆದುಕೊಳ್ಳತೊಡಗಿದಳು, ಇಲ್ಲದ್ದನ್ನು ಕಂಡಂತೆ ಆಡತೊಡಗಿದಳು. ನೋಡಿದವರಿಗೆ ಮನಸ್ಸಿನ ಕಾಯಿಲೆ ಎಂದೇ ತೋರುವಂತಿತ್ತು. ಕಡೆಗೆ ಸಿಕ್ಕಿದ್ದು ಹಾಡ್ಜ್‌ಕಿನ್ ಎಂಬ, ದುಗ್ಧಗ್ರಂಥಿಗಳಿಗೆ ತಗಲುವ ಕ್ಯಾನ್ಸರ್. ಆ ಕ್ಯಾನ್ಸರಿಗೆ ಚಿಕಿತ್ಸೆಯಾದ ಮೇಲೆ ಹುಡುಗಿ ಮತ್ತೆ ಮೊದಲಿನಂತಾದಳು. ಷೇಕ್ಸ್‌ಪಿಯರನ 'ಹ್ಯಾಮ್ಲೆಟ್' ನಾಟಕದಲ್ಲಿ ಬುದ್ಧಿಭ್ರಮೆಯಾಗಿ ಅಲೆಯುವ ಒಫೀಲಿಯಾಳನ್ನು ನೆನೆದು ತಂದೆ ಈ ಕಾಯಿಲೆಗೆ 'ಒಫೀಲಿಯಾ ಲಕ್ಷಣ' ಎಂದು ಹೆಸರಿಟ್ಟರು. ಗಡ್ಡೆಯ ಕಾರಣದಿಂದ ರಕ್ತದಲ್ಲಿ ಸೇರಿದ ಯಾವುದೋ ಒಂದು ವಸ್ತು ಮೆದುಳನ್ನು ಕಾಡುತ್ತಿರಬೇಕು ಎಂಬುದು ಅವರ ತರ್ಕ. ಇಪ್ಪತ್ತೊಂಬತ್ತು ವರ್ಷಗಳ ಮೇಲೆ, 2011ರಲ್ಲಿ, ಇಂಥದೇ ಲಕ್ಷಣಗಳಿದ್ದ ರೋಗಿಗಳಲ್ಲಿ ಆ ವಸ್ತು ಸಿಕ್ಕಿತು. ಅದು ರೋಗಿಯ ಮೈಯೇ ತಯಾರಿಸಿದ ಒಂದು ಪ್ರತಿಕಾಯ.

ಈ ಕಥೆ ಓದಿದಾಗ ನಮಗೆ ಮೊದಲು ಹೊಳೆದದ್ದು ವಿಜ್ಞಾನದ ಮಾತಲ್ಲ. ತಂದೆಯೊಬ್ಬರು ಮಗಳ ಬುದ್ಧಿ ಕೆಟ್ಟ ಸಂಗತಿಯನ್ನು ಜಗತ್ತಿನ ಮುಂದೆ ತಾವೇ ಬರೆದರಲ್ಲ ಎಂಬುದು. ನಮ್ಮ ಮನೆತನಗಳಲ್ಲಿ ಹೀಗಾದರೆ ನಾವು ಮೊದಲು ಮಾಡುವ ಕೆಲಸ ಬಾಗಿಲು ಹಾಕುವುದು. ಬೀಗರ ಕಿವಿಗೆ ಬೀಳಬಾರದು, ಪೇಟೆಯಲ್ಲಿ ಮಾತಾಗಬಾರದು, ತಂಗಿಯಂದಿರ ಲಗ್ನ ಇನ್ನೂ ಆಗಬೇಕಿದೆ. ಇದು ಕೆಟ್ಟ ಮನಸ್ಸಿನಿಂದ ಬಂದ ಪದ್ಧತಿಯಲ್ಲ, ಭಯದಿಂದ ಬಂದದ್ದು. ಆದರೆ ಈ ತಿಂಗಳು ನಾವು ಹೇಳಹೊರಟಿರುವ ಕಾಯಿಲೆಗಳಲ್ಲಿ ಬಾಗಿಲು ಹಾಕಿಕೊಂಡು ಕಳೆದ ಹದಿನೈದು ದಿನಗಳಿಗೆ ಭಾರಿ ಬೆಲೆ ತೆರಬೇಕಾಗುತ್ತದೆ.

ಒಂದು ಮನೆಯಲ್ಲಿ ಹೀಗಾಯಿತು ಎಂದಿಟ್ಟುಕೊಳ್ಳೋಣ. ಬಿ.ಕಾಂ. ಓದುವ ಇಪ್ಪತ್ತು ವರ್ಷದ ಮಗಳು. ನಾಲ್ಕು ದಿನ ಜ್ವರ, ತಲೆನೋವು. ಆಮೇಲೆ ನಿದ್ದೆ ಹೋಯಿತು. ಗದ್ದಲ ಮಾಡುತ್ತಾಳೆ, ಯಾರೋ ಕದ್ದು ಕೇಳುತ್ತಿದ್ದಾರೆ ಎನ್ನುತ್ತಾಳೆ, ತಾಯಿಯನ್ನೇ ಹೊಡೆಯಲು ಹೋಗುತ್ತಾಳೆ. ಪರೀಕ್ಷೆಯ ಚಿಂತೆ ಎಂದು ತಂದೆ, ದೃಷ್ಟಿ ತಗಲಿದೆ ಎಂದು ಅಜ್ಜಿ, ಗಾಳಿ ಸೋಕಿದೆ ಎಂದು ನೆರೆಯವರು. ತಾಯತ ಕಟ್ಟಿಸಿದ್ದಾಯಿತು. ಎರಡನೆಯ ವಾರಕ್ಕೆ ತುಟಿ, ನಾಲಿಗೆ ತಾವೇ ತಾವಾಗಿ ಏನನ್ನೋ ಅಗಿಯುವಂತೆ ಆಡತೊಡಗಿದವು, ಒಮ್ಮೆ ಫಿಟ್ಸ್ ಬಂತು, ಮಾತು ನಿಂತಿತು. ಇಷ್ಟಾದ ಮೇಲೆ ದವಾಖಾನೆ. ಅಲ್ಲಿಯೂ ತಲೆಯ ಎಂ.ಆರ್.ಐ. ಚಿತ್ರ ಸರಿಯಾಗಿಯೇ ಬಂದರೆ ಮನೆಯವರು 'ನೋಡಿ, ಮೆದುಳಿನಲ್ಲಿ ಏನೂ ಇಲ್ಲ, ಇದು ಮನಸ್ಸಿನದೇ' ಎಂದು ಮರಳಿಬಿಡುವ ಅಪಾಯವಿದೆ. ಈ ಕಾಯಿಲೆಯಲ್ಲಿ ಎಂ.ಆರ್.ಐ. ಸರಿಯಾಗಿ ಬರುವುದೇ ಹೆಚ್ಚು!

ಕಾಯಿಲೆಯ ಹೆಸರು ಆಂಟಿ ಎನ್.ಎಂ.ಡಿ.ಎ. ರಿಸೆಪ್ಟರ್ ಎನ್ಸೆಫಲೈಟಿಸ್. ಉದ್ದದ ಹೆಸರು, ಆದರೂ ಒಮ್ಮೆ ಬಾಯಿಗೆ ಬಂದರೆ ಡಾಕ್ಟರರ ಮುಂದೆ ಕೇಳಲು ಉಪಯೋಗವಾಗುತ್ತದೆ. ಇದರ ವಿಷಯ ಮುಂದೆ ವಿವರವಾಗಿ ಬರುತ್ತದೆ. ಅದಕ್ಕೆ ಮೊದಲು, ಎಲ್ಲಿಯೋ ಇರುವ ಗಡ್ಡೆಗೂ ಮೆದುಳಿಗೂ ಏನು ಸಂಬಂಧ ಎಂಬುದನ್ನು ನೋಡೋಣ.

ಚಾದರ ನೋಡಿ ಹೊಡೆಯುವ ಕಾವಲುಗಾರ

ನಮ್ಮ ರಕ್ತದಲ್ಲಿ ಪ್ರತಿಕಾಯಗಳೆಂಬ ಅತಿ ಸೂಕ್ಷ್ಮ ವಸ್ತುಗಳಿವೆ. ಡಾಕ್ಟರರು ಆಂಟಿಬಾಡಿ ಎನ್ನುವುದು ಇವನ್ನೇ. ದಡಾರ ಒಮ್ಮೆ ಬಂದು ಹೋದವರಿಗೆ ಮತ್ತೆ ಬಾರದಿರುವುದು ಇಂಥ ಕಾವಲಿನಿಂದ. ಒಂದೊಂದು ಪ್ರತಿಕಾಯಕ್ಕೂ ಒಂದೊಂದೇ ಗುರುತು ಗೊತ್ತು. ಆ ಗುರುತು ಕಂಡಲ್ಲಿ ಹೋಗಿ ಅಂಟಿಕೊಳ್ಳುವುದು ಅದರ ಕೆಲಸ.

ಒಂದು ಊರಿನ ಕಾವಲುಗಾರನಿಗೆ 'ಕಳ್ಳ ಕೆಂಪು ಸೊಲ್ಲಾಪುರಿ ಚಾದರ ಹೊದ್ದಿದ್ದಾನೆ' ಎಂದು ಯಾರೋ ಹೇಳಿದರು ಎನ್ನಿ. ಅವನು ಪಾಪ, ಕರ್ತವ್ಯನಿಷ್ಠ. ಅಂಥ ಚಾದರ ಹೊದ್ದು ಕಟ್ಟೆಯ ಮೇಲೆ ಕುಳಿತ ಯಜಮಾನರಿಗೂ ಎರಡು ಬಾರಿಸುತ್ತಾನೆ. ಇಲ್ಲಿ ಆಗುವುದೂ ಇಷ್ಟೇ. ಕೆಲವು ಕ್ಯಾನ್ಸರ್ ಗಡ್ಡೆಗಳು ಮೆದುಳಿನ ಅಥವಾ ನರಗಳ ಜೀವಕೋಶಗಳಲ್ಲಿ ಮಾತ್ರ ಇರಬೇಕಾದ ಪ್ರೋಟೀನುಗಳನ್ನು ತಾವೂ ತಯಾರಿಸುತ್ತವೆ. ಮೈಯ ರಕ್ಷಣಾ ವ್ಯವಸ್ಥೆ ಅದನ್ನು ಕಂಡು ಇದು ಇಲ್ಲಿರಬೇಕಾದ ಸರಕಲ್ಲ ಎಂದು ಗಡ್ಡೆಯ ಮೇಲೆ ಬೀಳುತ್ತದೆ. ಅದೇ ಗುರುತು ಹಿಡಿದು ಮೆದುಳಿಗೂ ಹೋಗುತ್ತದೆ. ಕ್ಯಾನ್ಸರ್ ಮೆದುಳಿಗೆ ಹರಡಿರುವುದಿಲ್ಲ. ಎಷ್ಟೋ ಸಲ ಗಡ್ಡೆ ಕಡಲೆಕಾಳಿನಷ್ಟೂ ಇರುವುದಿಲ್ಲ, ಯಾವ ನೋವನ್ನೂ ಕೊಟ್ಟಿರುವುದಿಲ್ಲ. ಹೀಗಾಗಿ ರೋಗಿ ಮೊದಲು ಹೋಗುವುದು ನರರೋಗ ತಜ್ಞರ ಬಳಿಗೆ. ಕ್ಯಾನ್ಸರ್ ತಿಳಿಯುವುದು ಆಮೇಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಆಮೇಲೆ.

ಗಾಬರಿಯಾಗಬೇಡಿ, ಇವು ವಿರಳ ಕಾಯಿಲೆಗಳು. ಇಟಲಿಯ ಒಂದು ಪ್ರಾಂತದಲ್ಲಿ ಒಂಬತ್ತು ವರ್ಷ ಲೆಕ್ಕವಿಟ್ಟು 2020ರಲ್ಲಿ ಪ್ರಕಟಿಸಿದ ವರದಿಯಂತೆ ಹತ್ತು ಲಕ್ಷ ಜನರಲ್ಲಿ ವರ್ಷಕ್ಕೆ ಸುಮಾರು 9 ಮಂದಿಗೆ ಮಾತ್ರ ಇಂಥ ಕಾಯಿಲೆ ಕಂಡಿತು. ಆದರೆ ವಿರಳವೆಂಬ ಕಾರಣಕ್ಕೇ ಯಾರಿಗೂ ತಟ್ಟನೆ ಹೊಳೆಯುವುದಿಲ್ಲ ಎಂಬುದೂ ನಿಜ.

ಕ್ಯಾನ್ಸರ್ ಇದ್ದವರಲ್ಲಿ ನರಗಳು ಕೆಡುವುದನ್ನು ವೈದ್ಯರು ಬಹಳ ಹಿಂದೆಯೇ ಕಂಡಿದ್ದರು. ಶ್ವಾಸಕೋಶದ ಕ್ಯಾನ್ಸರ್ ಇದ್ದ ಇಬ್ಬರು ರೋಗಿಗಳಲ್ಲಿ ಕೈಕಾಲುಗಳ ಸ್ಪರ್ಶಜ್ಞಾನ ಹೋದುದನ್ನು ಡೆನ್ನಿ-ಬ್ರೌನ್ ಎಂಬ ನರತಜ್ಞರು 1948ರಲ್ಲಿ ವರ್ಣಿಸಿದರು. ಕಾರಣ ತಿಳಿಯಲು 1980ರ ದಶಕ ಬರಬೇಕಾಯಿತು. ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಕ್ಯಾನ್ಸರ್ ಆಸ್ಪತ್ರೆಯ ಡಾ. ಜೆರೋಮ್ ಪೋಸ್ನರ್ ಮತ್ತು ಅವರ ಸಂಗಡಿಗರು ಇಂಥ ರೋಗಿಗಳ ರಕ್ತದಲ್ಲಿ ಒಂದೊಂದಾಗಿ ಪ್ರತಿಕಾಯಗಳನ್ನು ಗುರುತಿಸಿ, ಯಾವ ರೋಗಿಯಲ್ಲಿ ಕಂಡಿತೋ ಆ ರೋಗಿಯ ಅಡ್ಡಹೆಸರಿನ ಮೊದಲೆರಡು ಅಕ್ಷರವನ್ನೇ ಅದಕ್ಕೆ ಇಟ್ಟರು. 'ಯೋ', 'ಹು', 'ರಿ' ಎಂಬ ವಿಚಿತ್ರ ಹೆಸರುಗಳು ಹೀಗೆ ಬಂದವು. ಅಮೆರಿಕದ ರೋಚೆಸ್ಟರಿನಲ್ಲಿರುವ ಮೇಯೋ ಕ್ಲಿನಿಕ್‌ನವರು ಅದೇ ಪ್ರತಿಕಾಯಗಳನ್ನು ತಮ್ಮದೇ ಹೆಸರಿನಿಂದ ಕರೆದರು. ಆದ್ದರಿಂದ 'ಯೋ' ಎಂದರೂ 'ಪಿ.ಸಿ.ಎ.-1' ಎಂದರೂ ಒಂದೇ. 'ಹು' ಎಂದರೂ 'ಎ.ಎನ್.ಎನ್.ಎ.-1' ಎಂದರೂ ಒಂದೇ. ಒಂದೇ ಸರಕಿಗೆ ಎರಡು ಮಾರ್ಕು. ಎರಡು ಲ್ಯಾಬಿನ ಎರಡು ರಿಪೋರ್ಟು ಕೈಯಲ್ಲಿ ಹಿಡಿದು ಎರಡು ಕಾಯಿಲೆ ಎಂದು ಯಾರೂ ತಿಳಿಯಬಾರದು ಎಂದು ಇದನ್ನು ಬರೆದೆವು.

ಹೆಸರು ಏನೇ ಇರಲಿ, ಪ್ರತಿಕಾಯದ ಹೆಸರೇ ಗಡ್ಡೆಯ ವಿಳಾಸ. ಇದೇ ಈ ಶೋಧದ ದೊಡ್ಡ ಉಪಕಾರ. 'ಯೋ' ಸಿಕ್ಕಿದರೆ ಹೆಂಗಸರ ಅಂಡಾಶಯ ಮತ್ತು ಸ್ತನವನ್ನು ಶೋಧಿಸಬೇಕು. ಇದಿರುವ ನೂರು ಜನರಲ್ಲಿ ತೊಂಬತ್ತಕ್ಕಿಂತ ಹೆಚ್ಚು ಮಂದಿಗೆ ಕ್ಯಾನ್ಸರ್ ಇರುತ್ತದೆ. 'ಹು' ಸಿಕ್ಕಿದರೆ ಶ್ವಾಸಕೋಶ, ಅದರಲ್ಲಿಯೂ ಬೀಡಿ ಸಿಗರೇಟಿನಿಂದ ಬರುವ 'ಸ್ಮಾಲ್ ಸೆಲ್' ಎಂಬ ಜಾತಿಯ ಕ್ಯಾನ್ಸರ್. ನೂರರಲ್ಲಿ ಸುಮಾರು 85 ಮಂದಿಗೆ. 'ಎಂ.ಎ.-2' ಎಂಬುದು ತರುಣ ಗಂಡಸರಲ್ಲಿ ಸಿಕ್ಕಿದರೆ ವೃಷಣದ ಪರೀಕ್ಷೆಯಾಗಬೇಕು. ನಾಚಿಕೆಯಿಂದ ಈ ಒಂದು ಪರೀಕ್ಷೆಯನ್ನು ಬಿಟ್ಟರೆ ಉಳಿದ ಹತ್ತು ಪರೀಕ್ಷೆಗಳ ಖರ್ಚು ವ್ಯರ್ಥ.

ಹೊರಬಾಗಿಲು, ಒಳಕೋಣೆ

ಈಗ ಮುಖ್ಯ ಮಾತಿಗೆ ಬಂದೆವು. ಇಂಥ ಪ್ರತಿಕಾಯಗಳಲ್ಲಿ ಎರಡು ಬಗೆ ಇವೆ. ಮನೆಯವರು ಡಾಕ್ಟರರನ್ನು ಕೇಳಬೇಕಾದ ಮೊದಲ ಪ್ರಶ್ನೆ 'ಇದು ಯಾವ ಬಗೆಯದು' ಎಂಬುದೇ.

ಒಂದು ಬಗೆಯವು ಜೀವಕೋಶದ ಒಳಗೆ ಇರುವ ಪ್ರೋಟೀನುಗಳ ಮೇಲಿನವು. 'ಯೋ', 'ಹು' ಈ ಗುಂಪಿನವು. ಇಲ್ಲಿ ಪ್ರತಿಕಾಯ ಕೇವಲ ಸಾಕ್ಷಿ. ಕೊಲೆ ಮಾಡುವುದು ಟಿ ಕೋಶಗಳೆಂಬ ಬೇರೆ ಸೈನಿಕರು. ಅವು ನರಕೋಶವನ್ನೇ ನಾಶಮಾಡುತ್ತವೆ, ಸತ್ತ ನರಕೋಶ ಮರಳಿ ಹುಟ್ಟುವುದಿಲ್ಲ. ನಮ್ಮ ತಲೆಯ ಹಿಂಭಾಗದ ಕಿರುಮೆದುಳಿನಲ್ಲಿ ಪುರ್ಕಿಂಜೆ ಕೋಶಗಳೆಂಬ ಸುಮಾರು ಒಂದೂವರೆ ಕೋಟಿ ಕೋಶಗಳಿವೆ. ನಡಿಗೆಯ ಸಮತೋಲ, ಮಾತಿನ ಸ್ಪಷ್ಟತೆ, ಸೂಜಿಗೆ ದಾರ ಪೋಣಿಸುವ ಕೈಯ ಹದ ಎಲ್ಲವೂ ಇವುಗಳಿಂದಲೇ. 'ಯೋ' ಕಾಯಿಲೆ ಬಂದ ಹೆಂಗಸಿಗೆ ಮೊದಲು ತಲೆಸುತ್ತು, ವಾಂತಿ. ಕೆಲವೇ ವಾರಗಳಲ್ಲಿ ನಡೆದರೆ ಓಲಾಡುತ್ತಾಳೆ, ಮಾತು ತೊದಲುತ್ತದೆ, ನೀರಿನ ಲೋಟ ತುಟಿಯ ತನಕ ಬರುವಷ್ಟರಲ್ಲಿ ಅರ್ಧ ಚೆಲ್ಲುತ್ತದೆ. ಪಿತ್ತವೆಂದೋ, ರಕ್ತ ಕಡಿಮೆಯೆಂದೋ ಎರಡು ಮೂರು ತಿಂಗಳು ಕಳೆದರೆ ಆ ಕೋಶಗಳಲ್ಲಿ ಬಹುಪಾಲು ಮುಗಿದಿರುತ್ತವೆ. ಆಮೇಲೆ ಅಂಡಾಶಯದ ಗಡ್ಡೆಯನ್ನು ತೆಗೆದರೂ ಜೀವ ಉಳಿಯಬಹುದು, ನಡಿಗೆ ಮರಳುವುದು ಕಷ್ಟ. ಕಾಯಿಲೆ ಇದ್ದಲ್ಲಿಗೇ ನಿಂತರೆ ಅದನ್ನೇ ಗೆಲುವೆಂದು ಎಣಿಸಬೇಕಾಗುತ್ತದೆ. ಇದನ್ನು ಮುಚ್ಚಿಟ್ಟು ಬರೆಯುವುದು ಓದುಗರಿಗೆ ಮಾಡುವ ಮೋಸ.

ಇನ್ನೊಂದು ಬಗೆಯವು ಜೀವಕೋಶದ ಹೊರಮೈ ಮೇಲಿರುವ ಪ್ರೋಟೀನುಗಳಿಗೆ ಅಂಟುವವು. ಇಲ್ಲಿ ಪ್ರತಿಕಾಯವೇ ಅಪರಾಧಿ. ಆದರೆ ಅದು ಮನೆಗೆ ಬೆಂಕಿ ಇಡುವುದಿಲ್ಲ, ಹೊರಬಾಗಿಲಿನ ಚಿಲಕ ಕೀಳುತ್ತದೆ ಅಷ್ಟೆ. ನರಕೋಶ ಬದುಕಿರುತ್ತದೆ, ಒಂದರ ಸುದ್ದಿ ಇನ್ನೊಂದಕ್ಕೆ ತಲಪದೆ ಕೆಲಸ ನಿಲ್ಲುತ್ತದೆ. ಪ್ರತಿಕಾಯವನ್ನು ತೊಳೆದು ತೆಗೆದರೆ ಚಿಲಕ ಮತ್ತೆ ಕೂಡುತ್ತದೆ. ನಾವು ಮೇಲೆ ಹೇಳಿದ ಹುಡುಗಿಯ ಕಾಯಿಲೆ ಈ ಬಗೆಯದು. ವಿನ್ನಿಪೆಗ್‌ನ ಡಾಕ್ಟರರ ಮಗಳದೂ ಇದೇ ಬಗೆಯದಾಗಿರಬೇಕೆಂದು ಈಗ ಎಣಿಸುತ್ತಾರೆ.

2005ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿದ್ದ ಸ್ಪೇನ್ ಮೂಲದ ಡಾ. ಜೋಸೆಪ್ ಡಾಲ್ಮೌ ಮತ್ತು ಅವರ ಸಂಗಡಿಗರು ನಾಲ್ವರು ತರುಣಿಯರ ವಿಷಯ ಪ್ರಕಟಿಸಿದರು. ನಾಲ್ವರಿಗೂ ಇದ್ದಕ್ಕಿದ್ದಂತೆ ಬುದ್ಧಿವಿಕಾರ, ಆಮೇಲೆ ಉಸಿರಾಟದ ತೊಂದರೆ. ನಾಲ್ವರ ಅಂಡಾಶಯದಲ್ಲೂ ಟೆರಟೋಮಾ ಎಂಬ ಗಡ್ಡೆ. ಈ ಗಡ್ಡೆ ಒಂದು ವಿಚಿತ್ರ ಸೃಷ್ಟಿ. ಕತ್ತರಿಸಿದರೆ ಒಳಗೆ ಕೂದಲು, ಕೆಲವೊಮ್ಮೆ ಹಲ್ಲು, ಕೊಬ್ಬು ಎಲ್ಲ ಸಿಗುತ್ತವೆ. ಹೆಚ್ಚಿನವು ಕ್ಯಾನ್ಸರ್ ಅಲ್ಲದ ಸಾಧು ಗಡ್ಡೆಗಳೇ. ಆದರೆ ಈ ರೋಗಿಗಳ ಗಡ್ಡೆಗಳಲ್ಲಿ ಮೆದುಳಿನಂಥ ನರದ ಚೂರೂ ಇತ್ತು. ಅದನ್ನು ಕಂಡು ಕೆರಳಿದ ಮೈ ತಲೆಯ ಮೆದುಳಿನ ಮೇಲೂ ಏರಿ ಹೋಗಿತ್ತು. 2007ರಲ್ಲಿ ಅದೇ ತಂಡ ಹನ್ನೆರಡು ಮಂದಿ ಹೆಂಗಸರ ಅಧ್ಯಯನದಿಂದ ಪೆಟ್ಟು ಬೀಳುವುದು ಎನ್.ಎಂ.ಡಿ.ಎ. ರಿಸೆಪ್ಟರ್ ಎಂಬ ಚಿಲಕಕ್ಕೆ ಎಂದು ಸ್ಥಾಪಿಸಿತು. ನೆನಪಿಗೂ ಕಲಿಕೆಗೂ ಈ ಚಿಲಕ ಬೇಕೇ ಬೇಕು.

2013ರಲ್ಲಿ ಬಂದ ದೊಡ್ಡ ಅಧ್ಯಯನದಲ್ಲಿ 577 ರೋಗಿಗಳ ಲೆಕ್ಕವಿದೆ. ನೂರರಲ್ಲಿ 81 ಮಂದಿ ಹೆಂಗಸರು. ನೂರರಲ್ಲಿ 38 ಮಂದಿಗೆ ಗಡ್ಡೆ ಇತ್ತು, ಬಹುಮಟ್ಟಿಗೆ ಅಂಡಾಶಯದ ಟೆರಟೋಮಾ. ಉಳಿದವರಲ್ಲಿ ಗಡ್ಡೆ ಸಿಗಲಿಲ್ಲ. ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ 81 ಮಂದಿ ಎರಡು ವರ್ಷದ ಹೊತ್ತಿಗೆ ತಮ್ಮ ಕೆಲಸ ತಾವು ಮಾಡಿಕೊಳ್ಳುವಷ್ಟು ಚೇತರಿಸಿಕೊಂಡಿದ್ದರು. ಬೇಗ ಚಿಕಿತ್ಸೆ ಆರಂಭಿಸಿದವರಿಗೆ ಫಲ ಹೆಚ್ಚು ಎಂಬುದೂ ಅಲ್ಲಿಯೇ ಕಂಡಿತು. ನೂರಕ್ಕೆ 81! ತಾಯತ ಕಟ್ಟಿ ಒಳಕೋಣೆಯಲ್ಲಿ ಕೂಡಿಟ್ಟ ಹುಡುಗಿ ಈ ಲೆಕ್ಕದೊಳಗೆ ಬರುವುದಿಲ್ಲ.

ಈ ಕಾಯಿಲೆಗೆ ಜಗತ್ತಿನಲ್ಲಿ ಹೆಸರು ಬಂದದ್ದು ಸುಸಾನಾ ಕಹಲನ್ ಎಂಬ ಪತ್ರಕರ್ತೆಯಿಂದ. 'ನ್ಯೂಯಾರ್ಕ್ ಪೋಸ್ಟ್' ಪತ್ರಿಕೆಯಲ್ಲಿದ್ದ ಆಕೆಗೆ 2009ರಲ್ಲಿ, ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, ಮೊದಲು ಸಂಶಯಗಳು, ಆಮೇಲೆ ಫಿಟ್ಸ್, ಆಮೇಲೆ ಮಾತು ನಿಲ್ಲುವಿಕೆ. ಪರೀಕ್ಷೆಗಳೆಲ್ಲ ಸರಿಯಾಗಿ ಬರುತ್ತಿದ್ದಾಗ ಡಾ. ಸುಹೇಲ್ ನಜ್ಜಾರ್ ಎಂಬ ವೈದ್ಯರು ಒಂದು ಕಾಗದ ಕೊಟ್ಟು ಗಡಿಯಾರದ ಚಿತ್ರ ಬರೆಯಲು ಹೇಳಿದರು. ಆಕೆ ಒಂದರಿಂದ ಹನ್ನೆರಡರ ತನಕ ಎಲ್ಲ ಅಂಕಿಗಳನ್ನೂ ಗಡಿಯಾರದ ಬಲಗಡೆಗೇ ತುರುಕಿದಳು. ಮೆದುಳಿನ ಬಲಭಾಗ ಉರಿಯೂತದಿಂದ ಸೊರಗಿದೆ ಎಂದು ಆ ಒಂದು ಕಾಗದದಿಂದ ವೈದ್ಯರಿಗೆ ಹೊಳೆಯಿತು. ಲಕ್ಷಗಟ್ಟಲೆ ಬೆಲೆಯ ಯಂತ್ರಗಳ ನಡುವೆ ಪೆನ್ಸಿಲ್ಲು ಕಾಗದ ಮಾಡಿದ ಕೆಲಸ ಇದು! ಆಕೆಯಲ್ಲಿ ಗಡ್ಡೆ ಸಿಗಲಿಲ್ಲ. ಚಿಕಿತ್ಸೆಯಿಂದ ಗುಣ ಹೊಂದಿ ಕೆಲಸಕ್ಕೆ ಮರಳಿದ ಆಕೆ ತನ್ನ ಅನುಭವವನ್ನು 2012ರಲ್ಲಿ 'ಬ್ರೈನ್ ಆನ್ ಫೈರ್' ಎಂಬ ಪುಸ್ತಕವಾಗಿ ಬರೆದಳು.

ಮಕ್ಕಳಿಗೆ ಓದಿ ಹೇಳುವವರಿಗೆ ಇನ್ನೊಂದು ಸಂಗತಿ. ಬರ್ಲಿನ್ ಮೃಗಾಲಯದಲ್ಲಿ ಕ್ನೂಟ್ ಎಂಬ ಹಿಮಕರಡಿ ಇತ್ತು. 2011ರ ಮಾರ್ಚಿನಲ್ಲಿ ಜನರು ನೋಡುತ್ತಿರುವಂತೆಯೇ ಅದಕ್ಕೆ ಫಿಟ್ಸ್ ಬಂದು ಕೊಳಕ್ಕೆ ಬಿದ್ದು ಸತ್ತಿತು. ಕಾರಣ ಇದೇ ಎನ್.ಎಂ.ಡಿ.ಎ. ಕಾಯಿಲೆ ಎಂದು 2015ರಲ್ಲಿ ತಿಳಿದು ಬಂತು. ಗಾಳಿ ಸೋಕಿತು ಎನ್ನುವವರು ಆ ಕರಡಿಗೆ ಏನು ಸೋಕಿತ್ತು ಎಂಬುದನ್ನೂ ಹೇಳಬೇಕಾಗುತ್ತದೆ.

ಗಲ್ಲೆಯ ಮೇಲೆ ಕುಳಿತವರಿಗೆ

ಎಲ್ಲ ಪೆಟ್ಟೂ ಮೆದುಳಿಗೇ ಬೀಳುವುದಿಲ್ಲ. ನರ ಸ್ನಾಯುವನ್ನು ಸೇರುವ ಜಾಗದಲ್ಲಿಯೂ ಬೀಳುತ್ತದೆ. ಬೆಳಿಗ್ಗೆ ಅಂಗಡಿ ತೆರೆದಾಗ ಸರಿಯಾಗಿದ್ದು, ದೀಪ ಹಚ್ಚುವ ಹೊತ್ತಿಗೆ ಕಣ್ಣರೆಪ್ಪೆ ಜೋಲುವುದು, ಖಾತೆಯ ಒಂದು ಸಾಲು ಎರಡಾಗಿ ಕಾಣುವುದು, ಊಟ ಅಗಿಯಲು ದವಡೆ ಸೋಲುವುದು ಮಯಸ್ತೀನಿಯಾ ಗ್ರೇವಿಸ್ ಎಂಬ ಕಾಯಿಲೆಯ ಲಕ್ಷಣ. ಇದಿರುವ ನೂರು ಜನರಲ್ಲಿ ಹತ್ತು ಹದಿನೈದು ಮಂದಿಗೆ ಎದೆಯೊಳಗಿನ ಥೈಮಸ್ ಗ್ರಂಥಿಯಲ್ಲಿ ಗಡ್ಡೆ ಇರುತ್ತದೆ. ಆದ್ದರಿಂದ ಕಣ್ಣಿನ ಡಾಕ್ಟರರು ಎದೆಯ ಸಿ.ಟಿ. ಸ್ಕ್ಯಾನ್ ಮಾಡಿಸಿ ಎಂದರೆ 'ಕಣ್ಣಿಗೂ ಎದೆಗೂ ಏನು ಸಂಬಂಧ' ಎಂದು ಚೀಟಿ ಹರಿಯಬೇಡಿ.

ಇನ್ನೊಂದರ ಹೆಸರು ಲ್ಯಾಂಬರ್ಟ್-ಈಟನ್. ಮೇಯೋ ಕ್ಲಿನಿಕ್‌ನ ಇಬ್ಬರು ವೈದ್ಯರ ಹೆಸರು, 1956ರಲ್ಲಿ ವರ್ಣಿಸಿದ್ದು. ಇಲ್ಲಿ ಸೋಲುವುದು ತೊಡೆ. ಗಾದಿಯ ಮೇಲಿಂದ ಏಳಲಾಗದು, ಮೆಟ್ಟಿಲು ಹತ್ತಲಾಗದು, ಬಾಯಿ ಒಣಗುತ್ತದೆ. ಸ್ವಲ್ಪ ಹೊತ್ತು ಕೈಯನ್ನು ಬಿಗಿಯಾಗಿ ಹಿಡಿದರೆ ಬಲ ಕ್ಷಣಕಾಲ ಹೆಚ್ಚುತ್ತದೆ ಎಂಬುದು ಇದರ ವಿಶೇಷ. ಈ ಕಾಯಿಲೆಯವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ 'ಸ್ಮಾಲ್ ಸೆಲ್' ಶ್ವಾಸಕೋಶದ ಕ್ಯಾನ್ಸರ್ ಇರುತ್ತದೆ. ವರ್ಷಗಟ್ಟಲೆ ಸಿಗರೇಟು ಸೇದಿದ ಯಜಮಾನರು ಮೊಣಕಾಲು ನೋವೆಂದು ಎಣ್ಣೆ ತಿಕ್ಕಿಸಿಕೊಳ್ಳುತ್ತ ಕೂಡುವ ಮುನ್ನ, ಕಾಲಿನಲ್ಲಿ ನೋವಿದೆಯೋ ಬಲವೇ ಇಲ್ಲವೋ ಎಂಬುದನ್ನು ಒಮ್ಮೆ ವಿಚಾರಿಸಿಕೊಳ್ಳಲಿ.

ಕ್ಯಾನ್ಸರಿಗೆ ಈಗ ಹೊಸ ಬಗೆಯ ಔಷಧಗಳು ಬಂದಿವೆ. ಮೈಯ ರಕ್ಷಣಾ ವ್ಯವಸ್ಥೆಗೆ ಹಾಕಿದ ಲಗಾಮನ್ನು ಸಡಿಲಿಸಿ ಗಡ್ಡೆಯ ಮೇಲೆ ಬಿಡುವಂಥವು. ಇದರ ಮೂಲ ಶೋಧಕ್ಕೆ 2018ರ ನೊಬೆಲ್ ಪ್ರಶಸ್ತಿಯೂ ಬಂತು. ಎಷ್ಟೋ ಜನರ ಆಯುಷ್ಯ ಇವುಗಳಿಂದ ಹೆಚ್ಚಿದೆ. ಆದರೆ ಲಗಾಮು ಸಡಿಲವಾದಾಗ ಕುದುರೆ ಕೆಲವೊಮ್ಮೆ ಬೇರೆ ಹೊಲಕ್ಕೂ ನುಗ್ಗುತ್ತದೆ. ಈ ಚಿಕಿತ್ಸೆಯಲ್ಲಿರುವವರಿಗೆ ಹೊಸದಾಗಿ ಓಲಾಟ, ಮರೆವು, ರೆಪ್ಪೆ ಜೋಲುವುದು ಕಂಡರೆ ಅದೇ ದಿನ ತಿಳಿಸಬೇಕು.

ಬೆನ್ನಿನ ನೀರು, ರಿಪೋರ್ಟು, ವ್ರತ

ಪರೀಕ್ಷೆಗೆ ರಕ್ತದ ಜೊತೆಗೆ ಬೆನ್ನಿನ ನೀರೂ ಬೇಕು. ಎನ್.ಎಂ.ಡಿ.ಎ. ಕಾಯಿಲೆಯಲ್ಲಂತೂ ರಕ್ತದಲ್ಲಿ ಸಿಗದ ಪ್ರತಿಕಾಯ ಬೆನ್ನಿನ ನೀರಿನಲ್ಲಿ ಸಿಗುವುದುಂಟು. ಇಲ್ಲಿಯೇ ನಮ್ಮ ಜನ ಹಿಂದೆಗೆಯುವುದು. ಬೆನ್ನಿಗೆ ಸೂಜಿ ಹಾಕಿದರೆ ಕಾಲು ಹೋಗುತ್ತದೆ ಎಂಬ ಮಾತು ಮನೆಮನೆಯಲ್ಲಿದೆ. ಬೆನ್ನುಹುರಿ ದೊಡ್ಡವರಲ್ಲಿ ಸೊಂಟದ ಮೊದಲನೆಯ ಅಥವಾ ಎರಡನೆಯ ಮೂಳೆಯ ಹತ್ತಿರ ಮುಗಿಯುತ್ತದೆ, ಸೂಜಿ ಹೋಗುವುದು ಅದಕ್ಕಿಂತ ಕೆಳಗೆ. ಒಂದೆರಡು ದಿನ ತಲೆನೋವು ಬರಬಹುದು. ತಲೆಯೊಳಗೆ ಒತ್ತಡ ಹೆಚ್ಚಿದೆಯೇ ಎಂದು ಮೊದಲು ನೋಡಿಯೇ ವೈದ್ಯರು ಇದನ್ನು ಮಾಡುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಂಥ ಸಂಸ್ಥೆಗಳಲ್ಲಿ ಈ ಪ್ರತಿಕಾಯಗಳ ಪರೀಕ್ಷೆ ನಡೆಯುತ್ತದೆ. ದೊಡ್ಡ ಊರುಗಳ ಖಾಸಗಿ ಲ್ಯಾಬುಗಳೂ ಮಾದರಿ ತೆಗೆದು ಕಳುಹಿಸುತ್ತವೆ.

ಒಂದು ಮಾತನ್ನು ಮುಚ್ಚದೆ ಹೇಳಬೇಕು. ಇಂಥ ಪ್ರತಿಕಾಯಗಳನ್ನು ಮೊದಲಿನಿಂದ ಹುಡುಕಿದ್ದು ಇಲಿಯ ಮೆದುಳಿನ ತೆಳು ಪದರದ ಮೇಲೆ. ಇಂದಿಗೂ ಸಂದೇಹ ಬಂದಾಗ ಅದನ್ನೇ ಆಶ್ರಯಿಸುತ್ತಾರೆ. ಪ್ರಯೋಗಾಲಯದಲ್ಲಿ ಬೆಳೆಸಿದ ಮಾನವ ಜೀವಕೋಶಗಳ ಮೇಲೆ ನೋಡುವ ವಿಧಾನ ಬಂದು ಇಲಿಯ ಅವಶ್ಯಕತೆ ಕಡಿಮೆಯಾಗಿದೆ, ಇಲ್ಲವಾಗಿಲ್ಲ. ನಮ್ಮ ಓದುಗರಲ್ಲಿ ಹಲವರ ಮನಸ್ಸಿಗೆ ಇದು ಚುಚ್ಚುತ್ತದೆ ಎಂದು ಬಲ್ಲೆವು. ನಮ್ಮ ಮನಸ್ಸಿಗೂ ಚುಚ್ಚಿತು.

ರಿಪೋರ್ಟಿನಲ್ಲಿ 'ಪಾಸಿಟಿವ್' ಎಂದು ಬಂದ ಕೂಡಲೇ ಕ್ಯಾನ್ಸರ್ ಬಂತೆಂದು ಅಳಬೇಡಿ. ಪಟ್ಟಿಯಂಥ ಕಾಗದದ ಮೇಲೆ ಹತ್ತಾರು ಪ್ರತಿಕಾಯಗಳನ್ನು ಒಟ್ಟಿಗೆ ನೋಡುವ ತಯಾರಿ ಪರೀಕ್ಷೆಗಳಲ್ಲಿ ಸುಳ್ಳು ಪಾಸಿಟಿವ್ ಬರುವುದು ಸಾಮಾನ್ಯ, ಅದರಲ್ಲಿಯೂ ಗೆರೆ ಮಸುಕಾಗಿದ್ದರೆ. ರೋಗಿಯ ಲಕ್ಷಣ, ಪ್ರತಿಕಾಯದ ಹೆಸರು, ಸ್ಕ್ಯಾನಿನಲ್ಲಿ ಸಿಕ್ಕಿದ್ದು ಈ ಮೂರೂ ತಾಳೆಯಾಗಬೇಕು. 2021ರಲ್ಲಿ ಅಂತರರಾಷ್ಟ್ರೀಯ ತಜ್ಞರು ಇವುಗಳಿಗೆ ಅಂಕ ಕೊಟ್ಟು ಕೂಡಿಸಿ ನೋಡುವ ಒಂದು ಕ್ರಮವನ್ನೇ ಮಾಡಿದ್ದಾರೆ. ಯಾವ ಲಕ್ಷಣವೂ ಇಲ್ಲದವರು 'ಇರಲಿ, ಒಮ್ಮೆ ನೋಡೋಣ' ಎಂದು ಈ ಪರೀಕ್ಷೆ ಮಾಡಿಸುವುದು ದುಡ್ಡು ಕೊಟ್ಟು ಚಿಂತೆ ಕೊಂಡಂತೆ.

ಚಿಕಿತ್ಸೆಯ ಮೊದಲ ಅಂಗ ಗಡ್ಡೆಯನ್ನು ತೆಗೆಯುವುದು. ಅಂಡಾಶಯದ ಟೆರಟೋಮಾ ಎಂದಾಗ ಮುಂದೆ ಮಕ್ಕಳಾಗುವುದಿಲ್ಲವೆಂಬ ಭಯದಿಂದ ಆಪರೇಷನ್ ಬೇಡವೆನ್ನುವವರಿದ್ದಾರೆ. ಬಹಳಷ್ಟು ಸಲ ಗಡ್ಡೆಯನ್ನಷ್ಟೇ, ಹೆಚ್ಚೆಂದರೆ ಒಂದು ಕಡೆಯ ಅಂಡಾಶಯವನ್ನು ತೆಗೆದರೆ ಸಾಕಾಗುತ್ತದೆ. ಇನ್ನೊಂದು ತನ್ನ ಕೆಲಸ ಮಾಡುತ್ತದೆ. ಎರಡನೆಯ ಅಂಗ ಪ್ರತಿಕಾಯವನ್ನು ತಗ್ಗಿಸುವುದು. ಸ್ಟೀರಾಯ್ಡ್ ಇಂಜೆಕ್ಷನ್ ಮೂರರಿಂದ ಐದು ದಿನ, ರಕ್ತದ ತಿಳಿಯನ್ನು ಯಂತ್ರದಲ್ಲಿ ಬದಲಿಸುವ ಪ್ಲಾಸ್ಮಾ ವಿನಿಮಯ, ಅಥವಾ ಐ.ವಿ.ಐ.ಜಿ. ಎಂಬ ಔಷಧ. ಇವುಗಳಿಂದ ಆಗದಿದ್ದರೆ ರಿಟುಕ್ಸಿಮ್ಯಾಬ್, ಸೈಕ್ಲೋಫಾಸ್ಫಮೈಡ್ ಎಂಬವು. ಐ.ವಿ.ಐ.ಜಿ. ಬಹಳ ದುಬಾರಿ. ಮೈಯ ತೂಕದ ಒಂದು ಕಿಲೋಗೆ 2 ಗ್ರಾಂ ಲೆಕ್ಕ, ಅಂದರೆ ಅರವತ್ತು ಕಿಲೋ ತೂಕದವರಿಗೆ ಐದು ದಿನಗಳಲ್ಲಿ 120 ಗ್ರಾಂ. ಸಾವಿರಾರು ಜನ ದಾನ ಕೊಟ್ಟ ರಕ್ತದ ತಿಳಿಯನ್ನು ಒಟ್ಟುಗೂಡಿಸಿ ಸೋಸಿ ಇದನ್ನು ತಯಾರಿಸುತ್ತಾರೆ. ಮಹಾವೀರ ಜಯಂತಿಯ ರಕ್ತದಾನ ಶಿಬಿರದಲ್ಲಿ ಮಲಗಿ ಬಂದ ನಮ್ಮ ತರುಣರಿಗೆ ಈ ಸಂಗತಿ ತಿಳಿದಿರಲಿ. ಖರ್ಚಿನ ಚಿಂತೆಯಿದ್ದವರು ಪ್ಲಾಸ್ಮಾ ವಿನಿಮಯ ಆಗುತ್ತದೆಯೇ ಎಂದು ಕೇಳುವುದರಲ್ಲಿ ಸಂಕೋಚವೇನೂ ಬೇಡ. ವ್ಯಾಪಾರದಲ್ಲಿ ದರ ಕೇಳುವವರು ದವಾಖಾನೆಯಲ್ಲಿ ಬಾಯಿ ಮುಚ್ಚುವುದೇಕೆ?

ಇನ್ನು ವ್ರತದ ವಿಷಯ. ರಾತ್ರಿ ಆಹಾರ ನೀರು ಬಿಟ್ಟವರು, ದಶಲಕ್ಷಣ ಪರ್ವದಲ್ಲಿ ಉಪವಾಸ ಮಾಡುವವರು ನಮ್ಮಲ್ಲಿ ಪ್ರತಿ ಮನೆಯಲ್ಲಿದ್ದಾರೆ. ತಿಂಗಳುಗಟ್ಟಲೆ ಸ್ಟೀರಾಯ್ಡ್ ಮಾತ್ರೆ ನುಂಗಿದವರು ಅದನ್ನು ಒಮ್ಮೆಲೇ ನಿಲ್ಲಿಸಿದರೆ ರಕ್ತದೊತ್ತಡ ಕುಸಿದು ಜೀವಕ್ಕೇ ಅಪಾಯ. ಮಯಸ್ತೀನಿಯಾ ಕಾಯಿಲೆಯ ಪಿರಿಡೋಸ್ಟಿಗ್ಮಿನ್ ಮಾತ್ರೆಯ ಬಲ ಕೆಲವೇ ಗಂಟೆ ಇರುತ್ತದೆ. ಸೂರ್ಯಾಸ್ತದಿಂದ ಮರುದಿನದ ತನಕ ತಡೆದರೆ ನುಂಗುವ, ಉಸಿರಾಡುವ ಸ್ನಾಯುಗಳೂ ಸೋಲಬಹುದು. ಆದ್ದರಿಂದ ಔಷಧ ಬರೆಸುವ ದಿನವೇ ನಿಮ್ಮ ನಿಯಮವನ್ನು ಡಾಕ್ಟರರಿಗೆ ತಿಳಿಸಿ. ಸ್ಟೀರಾಯ್ಡನ್ನು ಸಾಮಾನ್ಯವಾಗಿ ಬೆಳಗಿನ ಊಟದ ಮೇಲೆಯೇ ಕೊಡುತ್ತಾರೆ, ಅದಕ್ಕೆ ತೊಡಕಿಲ್ಲ. ಉಳಿದವನ್ನು ಹೊಂದಿಸಲು ಸಾಧ್ಯವೇ ಎಂದು ಅವರು ನೋಡಲಿ. ಹೊಂದದಿದ್ದರೆ ನಿಯಮದ ಬಗ್ಗೆ ನಿಮ್ಮ ಊರಿಗೆ ಬರುವ ತ್ಯಾಗಿಗಳನ್ನು ಕೇಳಿರಿ. ಯಾರನ್ನೂ ಕೇಳದೆ, ಮನೆಯವರಿಗೂ ತಿಳಿಯದಂತೆ ಮಾತ್ರೆಯನ್ನು ಸೆರಗಿನಲ್ಲಿ ಕಟ್ಟಿಡುವ ಅತ್ತೆಯಂದಿರ ಮೇಲೆ ಸೊಸೆಯಂದಿರು ಒಂದು ಕಣ್ಣಿಡಬೇಕು.

ಮೊದಲ ಸ್ಕ್ಯಾನಿನಲ್ಲಿ ಗಡ್ಡೆ ಸಿಗಲಿಲ್ಲವೆಂದರೆ ಅಲ್ಲಿಗೆ ಮುಗಿಯಲಿಲ್ಲ. 'ಹು', 'ಯೋ' ಮುಂತಾದ ಗಟ್ಟಿ ಪ್ರತಿಕಾಯ ಇದ್ದವರು ನಾಲ್ಕರಿಂದ ಆರು ತಿಂಗಳಿಗೊಮ್ಮೆ, ಎರಡು ವರ್ಷಗಳ ತನಕ, ಮತ್ತೆ ಮತ್ತೆ ಶೋಧಿಸಿಕೊಳ್ಳಬೇಕೆಂದು 2021ರ ಆ ತಜ್ಞರೇ ಹೇಳಿದ್ದಾರೆ. ರೋಗಿ ಸ್ವಲ್ಪ ಚೇತರಿಸಿಕೊಂಡ ಮೇಲೆ ಮೂರನೆಯ ಸ್ಕ್ಯಾನಿಗೆ ಹೊತ್ತಿಗೆ ಸರಿಯಾಗಿ ಹೋಗುವವರು ಕಡಿಮೆ. ಸುಗ್ಗಿಯ ಅಡತಿ, ದೀಪಾವಳಿಯ ಲೆಕ್ಕ, ಯಾರದೋ ಲಗ್ನ ಅಡ್ಡ ಬರುತ್ತವೆ. ಅಂಗಡಿಯ ಗೋಡೆಯ ಕ್ಯಾಲೆಂಡರಿನಲ್ಲಿ ಉದರಿ ವಸೂಲಿಯ ದಿನಕ್ಕೆ ಕೆಂಪು ಗುರುತು ಹಾಕುವ ಪೆನ್ನಿನಿಂದಲೇ ಆ ನಾಲ್ಕೈದು ದಿನಾಂಕಗಳಿಗೂ ಗುರುತು ಹಾಕಿ, ಹಳೆಯ ರಿಪೋರ್ಟುಗಳ ಕಟ್ಟನ್ನು ಅದೇ ಮೊಳೆಗೆ ತೂಗುಹಾಕಿ.